ಗೋದಾಮು ಸಿದ್ಧವಿತ್ತು, ದಾರಿ ಸಿದ್ಧವಿರಲಿಲ್ಲ: 2015ರ ನೇಪಾಳ ಭೂಕಂಪದ ಪ್ರಕರಣ ಅಧ್ಯಯನ

2015ರ ಏಪ್ರಿಲ್ 25, ಶನಿವಾರ. ಬೆಳಗ್ಗೆ 11.56ಕ್ಕೆ ನೇಪಾಳದ ಗೋರ್ಖಾ ಜಿಲ್ಲೆಯ ಬಾರ್ಪಾಕ್ ಎಂಬ ಊರಿನ ಹತ್ತಿರ ಭೂಮಿ ನಡುಗಿತು. ತೀವ್ರತೆ 7.8. ಮೇ 12ರಂದು ದೋಲಖಾ ಕಡೆಯಿಂದ 7.3 ತೀವ್ರತೆಯ ಇನ್ನೊಂದು ಕಂಪನ ಬಂತು. ಎರಡೂ ಸೇರಿ 9,000ದ ಹತ್ತಿರ ಜನ ಸತ್ತರು. 22,000ಕ್ಕೂ ಜಾಸ್ತಿ ಜನ ಗಾಯಗೊಂಡರು. ಪೂರ್ತಿ ಬಿದ್ದುಹೋದ ಮನೆಗಳೇ ಸುಮಾರು ಐದು ಲಕ್ಷ.

ದುರಂತ ನಿರ್ವಹಣೆಯ ಬಗ್ಗೆ ಮಾತಾಡುವಾಗ ನಾನು ಮತ್ತೆ ಮತ್ತೆ ಈ ಭೂಕಂಪಕ್ಕೇ ಬರುತ್ತೇನೆ. ಕಾರಣ ಇಷ್ಟೇ. ಇದು ಸುದ್ದಿ ಕೊಡದೆ ಬಂದ ಅನಾಹುತ ಅಲ್ಲ. ನೇಪಾಳಕ್ಕೆ ದೊಡ್ಡ ಭೂಕಂಪ ಬಂದೇ ಬರುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಸರ್ಕಾರ, ವಿಶ್ವಸಂಸ್ಥೆಯ ಅಂಗಸಂಸ್ಥೆಗಳು, ರೆಡ್ ಕ್ರಾಸ್, ಸಾಲ ಕೊಡುವ ಬ್ಯಾಂಕುಗಳು, ಸ್ವಯಂಸೇವಾ ಸಂಸ್ಥೆಗಳು ವರ್ಷಗಟ್ಟಲೆ ಒಟ್ಟಿಗೆ ಕೂತು ಅದಕ್ಕೆ ತಯಾರಿ ನಡೆಸಿದ್ದರು. ಹಾಗೆ ಒಟ್ಟಿಗೆ ಮಾಡಿಟ್ಟ ಕೆಲಸದಲ್ಲಿ ಯಾವುದು ಆ ದಿನ ಕೈಹಿಡಿಯಿತು, ಯಾವುದು ಕೈಕೊಟ್ಟಿತು? ಇದನ್ನು ಇಷ್ಟು ಸ್ಪಷ್ಟವಾಗಿ ನೋಡಲು ಸಿಗುವ ಪ್ರಕರಣ ಇನ್ನೊಂದಿಲ್ಲ ಅನ್ನಿಸುತ್ತದೆ.

ಗೊತ್ತಿದ್ದ ಅಪಾಯ

1934ರ ಜನವರಿ 15ರಂದು ನೇಪಾಳ ಮತ್ತು ಬಿಹಾರವನ್ನು ನಡುಗಿಸಿದ ಭೂಕಂಪ ಅಲ್ಲಿನ ಹಿರಿಯರ ನೆನಪಿನಲ್ಲಿ ಉಳಿದಿತ್ತು. ಆ ದಿನದ ನೆನಪಿಗೆ ನೇಪಾಳದಲ್ಲಿ ಪ್ರತಿ ವರ್ಷ ಮಾಘ ಮಾಸದ ಎರಡನೇ ದಿನ ಭೂಕಂಪ ಸುರಕ್ಷತಾ ದಿನ ನಡೆಯುತ್ತದೆ. 1993ರಲ್ಲಿ ಶುರುವಾದ ಎನ್‌ಸೆಟ್ ಎಂಬ ಸ್ಥಳೀಯ ತಾಂತ್ರಿಕ ಸಂಸ್ಥೆ ಜನರ ಮುಂದೆ ಎರಡು ಪುಟ್ಟ ಮಾದರಿ ಮನೆಗಳನ್ನು ಅಲುಗಾಡುವ ಮೇಜಿನ ಮೇಲಿಟ್ಟು ತೋರಿಸುತ್ತಿತ್ತು. ಒಂದು ಮಾಮೂಲಿ ಮನೆ, ಇನ್ನೊಂದು ಪಟ್ಟಿ ಕಟ್ಟಿ ಬಲಪಡಿಸಿದ್ದು. ಮೇಜು ಅಲುಗಿದಾಗ ಮೊದಲನೆಯದು ಕುಸಿಯುತ್ತಿತ್ತು, ಎರಡನೆಯದು ನಿಲ್ಲುತ್ತಿತ್ತು. ಓದು ಬಾರದವರಿಗೂ ಅರ್ಥವಾಗುವ ಪಾಠ ಅದು.

1934ರಷ್ಟೇ ಜೋರಾದ ಕಂಪನ ಮತ್ತೆ ಬಂದರೆ ಕಠ್ಮಂಡು ಕಣಿವೆಯೊಂದರಲ್ಲೇ 40,000 ಜನ ಸಾಯಬಹುದು ಎಂದು 1990ರ ದಶಕದ ಕೊನೆಯಲ್ಲೇ ಅಂದಾಜು ಮಾಡಿದ್ದರು. ಈ ಸಂಖ್ಯೆಯನ್ನು ನೆನಪಿನಲ್ಲಿಟ್ಟುಕೊಳ್ಳಿ. ಮುಂದಿನ ಎಷ್ಟೋ ಯೋಜನೆಗಳ ಗಮನ ಕಣಿವೆಯ ಕಡೆಗೇ ತಿರುಗಿದ್ದು ಇಂಥ ಅಂದಾಜುಗಳಿಂದಲೇ.

2008ರ ಆಗಸ್ಟ್‌ನಲ್ಲಿ ಕುಸಹಾ ಎಂಬಲ್ಲಿ ಕೋಸಿ ನದಿಯ ಒಡ್ಡು ಒಡೆಯಿತು. ನೇಪಾಳದ ಬಯಲು ಸೀಮೆಯ ಮತ್ತು ಬಿಹಾರದ ಹಲವು ಭಾಗಗಳು ನೀರಿನಲ್ಲಿ ಮುಳುಗಿದವು. ಮರುವರ್ಷ, 2009ರಲ್ಲಿ, ನೇಪಾಳ ಅಪಾಯ ತಗ್ಗಿಸುವ ಒಕ್ಕೂಟ ಹುಟ್ಟಿತು. ಸರ್ಕಾರದ ಜೊತೆ ವಿಶ್ವಬ್ಯಾಂಕ್, ಏಷ್ಯನ್ ಅಭಿವೃದ್ಧಿ ಬ್ಯಾಂಕ್, ರೆಡ್ ಕ್ರಾಸ್ ಮಹಾಒಕ್ಕೂಟ ಮತ್ತು ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಸೇರಿದವು. ಆಮೇಲೆ ನೆರವು ಕೊಡುವ ದೇಶಗಳೂ ಬಂದವು. ಕೆಲಸವನ್ನು ಐದು ಪಾಲು ಮಾಡಿಕೊಂಡರು: ಶಾಲೆ ಮತ್ತು ಆಸ್ಪತ್ರೆಗಳ ಸುರಕ್ಷತೆ, ತುರ್ತು ಸಿದ್ಧತೆ, ಕೋಸಿ ಪ್ರವಾಹ ನಿರ್ವಹಣೆ, ಹಳ್ಳಿ ಮಟ್ಟದ ಸಿದ್ಧತೆ, ಕಾನೂನು ಮತ್ತು ಆಡಳಿತ.

ಈ ಒಕ್ಕೂಟ ಮಾಡಿದ ಒಂದು ಸಣ್ಣ ಕೆಲಸ ನನಗೆ ತುಂಬ ಮುಖ್ಯ ಅನ್ನಿಸುತ್ತದೆ. ಅದಕ್ಕೂ ಮೊದಲು ಹಳ್ಳಿಗೆ ಹೋಗುವ ಒಂದೊಂದು ಸಂಸ್ಥೆಯೂ ತನ್ನದೇ ಕೈಪಿಡಿ, ತನ್ನದೇ ತರಬೇತಿ, ತನ್ನದೇ ಸಮಿತಿ ಇಟ್ಟುಕೊಂಡಿತ್ತು. ಒಂದು ಹಳ್ಳಿಯಲ್ಲಿ ಮೂರು ಸಂಸ್ಥೆ ಇದ್ದರೆ ಮೂರು ಸಮಿತಿ. ಒಕ್ಕೂಟದಲ್ಲಿ ಎಲ್ಲರೂ ಕೂತು, ದುರಂತ ತಾಳಿಕೊಳ್ಳುವ ಹಳ್ಳಿ ಅಂದರೆ ಕನಿಷ್ಠ ಏನೇನು ಇರಬೇಕು ಎಂದು ಒಂಬತ್ತು ಲಕ್ಷಣಗಳನ್ನು ಒಪ್ಪಿಕೊಂಡರು. 1,000 ಗ್ರಾಮಗಳಲ್ಲಿ ಅವನ್ನು ತರುವ ಗುರಿ ಇಟ್ಟರು. ನಮ್ಮ ಗ್ರಾಮ ಪಂಚಾಯಿತಿಯಂಥ ಗ್ರಾಮ ಸಮಿತಿಗಳು ದೇಶದಲ್ಲಿ ಆಗ 3,900ಕ್ಕೂ ಹೆಚ್ಚು ಇದ್ದವು. ಅಂದರೆ ಗುರಿ ಪೂರ್ತಿ ಮುಟ್ಟಿದ್ದರೂ ಮುಕ್ಕಾಲು ಪಾಲಿನ ಹತ್ತಿರ ಹಳ್ಳಿಗಳು ಹೊರಗೇ ಉಳಿಯುತ್ತಿದ್ದವು.

ಒಂದು ತಿಂಗಳ ಮೊದಲು ತೆರೆದ ಗೋದಾಮು

ಕಠ್ಮಂಡುವಿನ ತ್ರಿಭುವನ್ ವಿಮಾನ ನಿಲ್ದಾಣ ಆಗ ನೇಪಾಳದ ಏಕೈಕ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ. ರನ್‌ವೇ ಒಂದೇ. ವಿಮಾನ ನಿಲ್ಲಿಸುವ ಜಾಗ ಬೆರಳೆಣಿಕೆಯಷ್ಟು. ದೊಡ್ಡ ಭೂಕಂಪ ಆದರೆ ಇಡೀ ಜಗತ್ತಿನ ನೆರವು ಈ ಒಂದು ಕಿಂಡಿಯಿಂದಲೇ ಒಳಗೆ ಬರಬೇಕು. ವಿಮಾನದಿಂದ ಇಳಿಸಿದ ಸಾಮಾನು ಅಲ್ಲೇ ರಾಶಿ ಬಿದ್ದರೆ ಮುಂದಿನ ವಿಮಾನಕ್ಕೆ ಜಾಗ ಇಲ್ಲ. ಇದು ಯಾರಾದರೂ ಮೊದಲೇ ಯೋಚಿಸಬೇಕಾದ ವಿಷಯ. ಇಲ್ಲಿ ಯೋಚಿಸಿದ್ದರು.

ವಿಶ್ವ ಆಹಾರ ಕಾರ್ಯಕ್ರಮ, ಅಂದರೆ ಡಬ್ಲ್ಯುಎಫ್‌ಪಿ, ನೇಪಾಳ ಸರ್ಕಾರದ ಜೊತೆ ಸೇರಿ, ಬ್ರಿಟನ್ ಸರ್ಕಾರದ ಹಣದಲ್ಲಿ, ವಿಮಾನ ನಿಲ್ದಾಣದ ಆವರಣದಲ್ಲೇ ಒಂದು ಪರಿಹಾರ ನೆಲೆ ಕಟ್ಟಿತು. ಅದು ಸಿದ್ಧವಾಗಿದ್ದು 2015ರ ಮಾರ್ಚ್ ಕೊನೆಯಲ್ಲಿ. ಭೂಕಂಪಕ್ಕೆ ಸುಮಾರು ಒಂದು ತಿಂಗಳು ಮೊದಲು.

ಇಂಥ ನೆಲೆ ಏನು ಕೆಲಸ ಮಾಡುತ್ತದೆ ಎಂದು ಸ್ವಲ್ಪ ಹತ್ತಿರದಿಂದ ನೋಡೋಣ. ಸಮತಟ್ಟು ಮಾಡಿದ ನೆಲ, ಅದರ ಮೇಲೆ ಸಾಲಾಗಿ ದೊಡ್ಡ ಡೇರೆಯಂಥ ಗೋದಾಮುಗಳು. ವಿಮಾನದಿಂದ ಸಾಮಾನು ಹಲಗೆಗಳ ಸಮೇತ ಇಳಿಯುತ್ತದೆ. ಫೋರ್ಕ್‌ಲಿಫ್ಟ್ ಅದನ್ನೆತ್ತಿ ನೆಲೆಗೆ ತರುತ್ತದೆ. ಅಲ್ಲಿ ಬಿಚ್ಚಿ ವಿಂಗಡಿಸುತ್ತಾರೆ: ಟಾರ್ಪಾಲಿನ್ ಒಂದು ಕಡೆ, ಔಷಧಿ ಇನ್ನೊಂದು ಕಡೆ, ಆಹಾರ ಮತ್ತೊಂದು ಕಡೆ. ಯಾವ ಸಂಸ್ಥೆಯ ಎಷ್ಟು ಪೆಟ್ಟಿಗೆ ಬಂತು, ಎಷ್ಟು ಹೋಯಿತು ಎಂದು ಒಂದೇ ಕಡೆ ಲೆಕ್ಕ ಬರೆಯುತ್ತಾರೆ. ನಂತರ ಲಾರಿಗೆ ಏರಿಸಿ ಕಳಿಸುತ್ತಾರೆ. ಸ್ವಂತ ಗೋದಾಮು, ಸ್ವಂತ ಲಾರಿ ಇಲ್ಲದ ಸಣ್ಣ ಸಂಸ್ಥೆಯೂ ತನ್ನ ಸಾಮಾನನ್ನು ಇಲ್ಲಿ ಬಿಟ್ಟು ಮುಂದಕ್ಕೆ ಸಾಗಿಸಿಕೊಳ್ಳಬಹುದು, ಅದೂ ದುಡ್ಡಿಲ್ಲದೆ. ಕೂಡಿ ಕೆಲಸ ಮಾಡೋಣ ಎನ್ನುವ ಮಾತು ಕೈಗೆ ಸಿಗುವಂತೆ ಕಾಣುವುದು ಇಲ್ಲೇ.

ಈ ನೆಲೆ ಇದ್ದದ್ದರಿಂದ ಸುಮಾರು ಮೂರು ವಾರ ಉಳಿಯಿತು ಎಂದು ಡಬ್ಲ್ಯುಎಫ್‌ಪಿ ಹೇಳುತ್ತದೆ. ಭೂಕಂಪ ಆದ ಮೇಲೆ ಜಾಗ ಹುಡುಕಿ, ಅನುಮತಿ ಪಡೆದು, ನೆಲ ಹದ ಮಾಡಿ, ಗೋದಾಮು ಎಬ್ಬಿಸಲು ಅಷ್ಟು ಸಮಯ ಬೇಕೇ ಬೇಕು. ಮಳೆಗಾಲಕ್ಕೆ ಆರೇಳು ವಾರ ಮಾತ್ರ ಉಳಿದಿದ್ದ ದೇಶಕ್ಕೆ ಮೂರು ವಾರ ಅಂದರೆ ಎಷ್ಟು ದೊಡ್ಡದು ಅಲ್ವಾ?

ಹಾಗಂತ ವಿಮಾನ ನಿಲ್ದಾಣದಲ್ಲಿ ತೊಂದರೆಯೇ ಆಗಲಿಲ್ಲ ಎಂದಲ್ಲ. ಮೊದಲ ದಿನಗಳಲ್ಲಿ ಇಳಿಯಲು ಜಾಗ ಸಿಗದೆ ವಿಮಾನಗಳು ಆಕಾಶದಲ್ಲೇ ಸುತ್ತು ಹಾಕಿ ವಾಪಸು ಹೋದವು. ಭಾರ ತಾಳಲಾರದೆ ರನ್‌ವೇ ಹಾಳಾಗತೊಡಗಿದಾಗ, ಮೇ 3ರ ಹೊತ್ತಿಗೆ, 196 ಟನ್ನಿಗಿಂತ ಭಾರವಾದ ವಿಮಾನಗಳನ್ನು ಇಳಿಸಬಾರದು ಎಂದು ತಡೆದರು. ನೆಲೆ ಕಟ್ಟಬಹುದು, ಆದರೆ ಎರಡನೇ ರನ್‌ವೇ ಒಂದು ತಿಂಗಳಲ್ಲಿ ಬರುವುದಿಲ್ಲ.

ನಿಂತ ಶಾಲೆಗಳು, ಬಯಲಾಗಿಯೇ ಉಳಿದ ಬಯಲುಗಳು

ಮೊದಲೇ ಮಾಡಿಟ್ಟಿದ್ದು ಕೈಹಿಡಿದ ಇನ್ನೊಂದು ಉದಾಹರಣೆ ಶಾಲೆ. ಕಠ್ಮಂಡು ಕಣಿವೆಯಲ್ಲಿ ನೂರಕ್ಕೂ ಹೆಚ್ಚು ಸರ್ಕಾರಿ ಶಾಲಾ ಕಟ್ಟಡಗಳನ್ನು ಆಗಲೇ ಬಲಪಡಿಸಿದ್ದರು. ವಿಧಾನ ಸರಳ. ಹಳೇ ಇಟ್ಟಿಗೆ ಗೋಡೆಯ ಗಾರೆ ಕೆತ್ತಿ ತೆಗೆಯುವುದು. ಮೂಲೆಗಳಲ್ಲಿ, ಕಿಟಕಿ ಬಾಗಿಲುಗಳ ಅಕ್ಕಪಕ್ಕ ಉದ್ದಕ್ಕೂ ಅಡ್ಡಕ್ಕೂ ಕಬ್ಬಿಣದ ಸರಳು ಇಲ್ಲವೇ ಜಾಲರಿ ಕಟ್ಟುವುದು. ಅದರ ಮೇಲೆ ಕಾಂಕ್ರೀಟ್ ಪದರ. ಮುರಿದ ಕೈಗೆ ದಬ್ಬೆ ಕಟ್ಟಿದ ಹಾಗೆ, ಇಡೀ ಕಟ್ಟಡಕ್ಕೆ ಪಟ್ಟಿ ಬೀಳುತ್ತದೆ. ಈ ಕೆಲಸ ಮಾಡಿದ್ದು ತರಬೇತಿ ಪಡೆದ ಸ್ಥಳೀಯ ಗಾರೆ ಕೆಲಸದವರು. ಭೂಕಂಪದಲ್ಲಿ ದೇಶದ ಸಾವಿರಾರು ಶಾಲೆಗಳು ಹಾಳಾದವು. ಹೀಗೆ ಬಲಪಡಿಸಿದ ಶಾಲೆಗಳು ನಿಂತವು. ಅವುಗಳಲ್ಲಿ ಕೆಲವು ಜನರಿಗೆ ಆಸರೆಯೂ ಆದವು.

ಒಂದು ಮಾತು ಇಲ್ಲೇ ಹೇಳಬೇಕು. ಅವತ್ತು ಶನಿವಾರ, ನೇಪಾಳದಲ್ಲಿ ವಾರದ ರಜೆ. ಮಕ್ಕಳು ಶಾಲೆಯಲ್ಲಿರಲಿಲ್ಲ. ಅದೇ ಕಂಪನ ಶಾಲೆ ನಡೆಯುವ ದಿನ, ಅದೇ ಹೊತ್ತಿಗೆ ಬಂದಿದ್ದರೆ ಸತ್ತವರ ಲೆಕ್ಕ ಏನಾಗುತ್ತಿತ್ತೋ ಊಹಿಸಲೂ ಭಯವಾಗುತ್ತದೆ. ರಜೆ ಯಾರ ಸಿದ್ಧತೆಯೂ ಅಲ್ಲ. ಅದನ್ನು ಯಾವ ಸಂಸ್ಥೆಯೂ ತನ್ನ ಯಶಸ್ಸಿನ ಲೆಕ್ಕಕ್ಕೆ ಸೇರಿಸಿಕೊಳ್ಳಬಾರದು.

ಅಂತರರಾಷ್ಟ್ರೀಯ ವಲಸೆ ಸಂಸ್ಥೆ ಸರ್ಕಾರದ ಜೊತೆ ಸೇರಿ ಕಣಿವೆಯಲ್ಲಿ 83 ಬಯಲು ಜಾಗಗಳನ್ನು ಗುರುತಿಸಿತ್ತು. ಭೂಕಂಪ ಆದಾಗ ಜನ ಎಲ್ಲಿ ಸೇರಬೇಕು, ಎಲ್ಲಿ ಡೇರೆ ಹಾಕಬೇಕು, ಎಲ್ಲಿ ನೀರು ಕೊಡಬೇಕು ಎಂಬುದಕ್ಕಾಗಿ. 2013ರಲ್ಲಿ ಸರ್ಕಾರ ಈ ಪಟ್ಟಿಯನ್ನು ರಾಜಪತ್ರದಲ್ಲೂ ಪ್ರಕಟಿಸಿತು. ಬೆಳೆಯುವ ನಗರದಲ್ಲಿ ಖಾಲಿ ಜಾಗವನ್ನು ಖಾಲಿಯಾಗಿಯೇ ಉಳಿಸುವುದು ಎಷ್ಟು ಕಷ್ಟ ಎಂದು ನಗರದಲ್ಲಿರುವ ಎಲ್ಲರಿಗೂ ಗೊತ್ತು. ಏಪ್ರಿಲ್ 25ರ ರಾತ್ರಿ ಟುಂಡಿಖೇಲ್ ಮೈದಾನ ಸೇರಿದಂತೆ ಈ ಬಯಲುಗಳು ಜನರಿಂದ ತುಂಬಿದವು. ಜಾಗ ಸಿಕ್ಕಿತು. ಆದರೆ ಎಲ್ಲ ಕಡೆ ನೀರಿನ ನಲ್ಲಿ, ಶೌಚಾಲಯ, ದೀಪ ಇರಲಿಲ್ಲ. ಕಾಗದದಲ್ಲಿ ಗುರುತು ಹಾಕುವುದಕ್ಕೂ ನೆಲದ ಮೇಲೆ ಪೈಪು ಎಳೆಯುವುದಕ್ಕೂ ನಡುವಿನ ಅಂತರ ಮೊದಲ ರಾತ್ರಿಯೇ ಕಂಡಿತು.

ಆಸ್ಪತ್ರೆಗಳ ಕಥೆಯೂ ಹೀಗೇ. ಪಾಟನ್ ಆಸ್ಪತ್ರೆಯಂಥ ಕಡೆ ವರ್ಷಗಳಿಂದ ಅಣಕು ಕಾರ್ಯಾಚರಣೆ ನಡೆಸಿದ್ದರು. ಒಮ್ಮೆಲೇ ನೂರಾರು ಗಾಯಾಳುಗಳು ಬಂದರೆ ಯಾರನ್ನು ಎಲ್ಲಿ ಮಲಗಿಸಬೇಕು, ಯಾರನ್ನು ಮೊದಲು ನೋಡಬೇಕು ಎಂಬುದು ಸಿಬ್ಬಂದಿಗೆ ರೂಢಿಯಾಗಿತ್ತು. ಆ ಅಭ್ಯಾಸ ಕೆಲಸಕ್ಕೆ ಬಂತು.

ಸುಂಕದ ಕಟ್ಟೆ

ಈಗ ಕೈಕೊಟ್ಟಿದ್ದರ ಕಡೆಗೆ ಬರೋಣ. ನೆರವಿನ ಸಾಮಾನು ಬಂತು, ಗೋದಾಮೂ ಇತ್ತು. ಆದರೂ ವಿಮಾನ ನಿಲ್ದಾಣದಲ್ಲಿ ಸಾಮಾನು ಕೂತಿತು. ಕಾರಣ ಕಸ್ಟಮ್ಸ್.

ಹೊರಗಿನಿಂದ ಬರುವ ಎಲ್ಲವನ್ನೂ ತಪಾಸಣೆ ಮಾಡಲೇಬೇಕು ಎಂಬುದು ಸರ್ಕಾರದ ನಿಲುವು. ಟಾರ್ಪಾಲಿನ್ ಮತ್ತು ಡೇರೆಗಳಿಗೆ ಸುಂಕ ತೆಗೆದರು, ಉಳಿದವಕ್ಕೆ ಮಾಮೂಲಿ ವಿಧಾನವೇ ನಡೆಯಿತು. ವಿಶ್ವಸಂಸ್ಥೆಯ ಪರವಾಗಿ ಅಲ್ಲಿದ್ದ ಜೇಮಿ ಮೆಕ್‌ಗೋಲ್ಡ್‌ರಿಕ್ ನಿಯಮ ಸಡಿಲಿಸಿ ಎಂದು ಬಹಿರಂಗವಾಗಿ ಕೇಳಬೇಕಾಯಿತು. ಪರಿಹಾರ ಸಾಮಗ್ರಿಗೆ ಸುಲಭ ಕಸ್ಟಮ್ಸ್ ಕೊಡುವ ಒಪ್ಪಂದಕ್ಕೆ ನೇಪಾಳ 2007ರಲ್ಲೇ ಸಹಿ ಹಾಕಿತ್ತು. ಅದನ್ನು ವಿಶ್ವಸಂಸ್ಥೆಯ ತುರ್ತು ನೆರವಿನ ಮುಖ್ಯಸ್ಥೆ ವ್ಯಾಲೆರಿ ಏಮೊಸ್ ಪ್ರಧಾನಿಗೆ ನೆನಪಿಸಿದರು.

ನೋಡಿ, ಎಂಟು ವರ್ಷದ ಹಿಂದಿನ ಒಪ್ಪಂದ. ಅದು ಇತ್ತು. ಆದರೆ ಕೌಂಟರಿನಲ್ಲಿ ಕೂತ ನೌಕರನ ಮೇಜಿನ ಮೇಲೆ ಆ ದಿನ ಅದು ಇರಲಿಲ್ಲ. ತಪ್ಪು ಆ ನೌಕರನದಲ್ಲ. ಲಿಖಿತ ಆದೇಶ ಇಲ್ಲದೆ ಪೆಟ್ಟಿಗೆ ಬಿಟ್ಟರೆ ನಾಳೆ ಅವನನ್ನೇ ಕೇಳುತ್ತಾರೆ. ರಕ್ಷಣಾ ತಂಡಕ್ಕೆ, ಆಸ್ಪತ್ರೆಗೆ ಅಣಕು ಕಾರ್ಯಾಚರಣೆ ಮಾಡಿಸಿದ ಹಾಗೆ ಕಸ್ಟಮ್ಸ್ ಕಟ್ಟೆಗೂ ಮಾಡಿಸಿದ್ದರೆ, ಯಾವ ಫಾರಂ, ಯಾರ ಸಹಿ, ಯಾವ ಸಾಮಾನಿಗೆ ವಿನಾಯಿತಿ ಎಂಬುದು ಅಲ್ಲೇ ಇತ್ಯರ್ಥ ಆಗಿರುತ್ತಿತ್ತು. ಈ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ಬೇಸರ ತರುವ ಭಾಗ ಇದೇ. ಇದಕ್ಕೆ ಹಣ ಬೇಕಿರಲಿಲ್ಲ, ತಂತ್ರಜ್ಞಾನ ಬೇಕಿರಲಿಲ್ಲ. ಒಂದು ದಿನದ ಅಭ್ಯಾಸ ಬೇಕಿತ್ತು.

ಸರ್ಕಾರದ ದೂರಿನಲ್ಲೂ ಸತ್ಯ ಇತ್ತು. ಟ್ಯೂನಾ ಮೀನು, ಮೆಯೊನೀಸ್ ಬಂದಿವೆ, ನಮಗೆ ಬೇಕಿರುವುದು ಧಾನ್ಯ, ಉಪ್ಪು, ಸಕ್ಕರೆ ಎಂದು ಹಣಕಾಸು ಸಚಿವ ರಾಮ್ ಶರಣ್ ಮಹತ್ ಹೇಳಿದರು. ಕೇಳದೆ ಕಳಿಸಿದ ಸಾಮಾನು ನಿಜಕ್ಕೂ ಬೇಕಾದ ಸಾಮಾನಿನ ಜಾಗ ತಿನ್ನುತ್ತದೆ. ಒಳ್ಳೆಯ ಮನಸ್ಸಿನಿಂದ ಕಳಿಸಿದರೂ ಅಷ್ಟೇ.

ಬೆಟ್ಟದ ಮೇಲೆ

ಯೋಜನೆಗಳಲ್ಲಿ 40,000 ಸಾವಿನ ಭಯ ಇದ್ದದ್ದು ಕಠ್ಮಂಡು ಕಣಿವೆಗೆ. ಆದರೆ ಅತಿ ಹೆಚ್ಚು ಜನ ಸತ್ತಿದ್ದು ಸಿಂಧುಪಾಲ್‌ಚೋಕ್ ಎಂಬ ಗುಡ್ಡಗಾಡು ಜಿಲ್ಲೆಯಲ್ಲಿ, ಸುಮಾರು ಮೂರೂವರೆ ಸಾವಿರ. ಗೋರ್ಖಾ, ನುವಾಕೋಟ್, ರಸುವಾ, ಧಾದಿಂಗ್, ದೋಲಖಾದ ಹಳ್ಳಿಗಳಲ್ಲಿ ಮಣ್ಣು ಕಲ್ಲಿನ ಮನೆಗಳು ಹೆಚ್ಚುಕಡಿಮೆ ಪೂರ್ತಿ ಬಿದ್ದವು. ರಸುವಾದ ಲಾಂಗ್‌ಟಾಂಗ್ ಹಳ್ಳಿ ಹಿಮಕುಸಿತದ ಕೆಳಗೆ ಹೂತುಹೋಯಿತು. ಅಪಾಯದ ಅಂದಾಜು ಸರಿ ಇತ್ತು, ಆದರೆ ಅದು ಬಂದು ಬಿದ್ದ ಜಾಗ ಬೇರೆ.

ಕಠ್ಮಂಡುವಿನಲ್ಲಿ ಕೆಲಸದ ಹಂಚಿಕೆ ಅದೇ ದಿನ ಶುರುವಾಯಿತು. ಇದಕ್ಕೆ ಕ್ಲಸ್ಟರ್ ಎನ್ನುತ್ತಾರೆ. ಒಂದೊಂದು ಕೆಲಸಕ್ಕೆ ಒಂದೊಂದು ಗುಂಪು, ಗುಂಪಿಗೆ ಸರ್ಕಾರದ ಒಂದು ಇಲಾಖೆ ಮುಂದಾಳು, ಜೊತೆಗೊಂದು ಸಂಸ್ಥೆ. ಆರೋಗ್ಯಕ್ಕೆ ವಿಶ್ವ ಆರೋಗ್ಯ ಸಂಸ್ಥೆ, ನೀರು ಮತ್ತು ನೈರ್ಮಲ್ಯಕ್ಕೆ ಯುನಿಸೆಫ್, ಆಸರೆಗೆ ರೆಡ್ ಕ್ರಾಸ್ ಮಹಾಒಕ್ಕೂಟ, ಸಾಗಣೆಗೆ ಡಬ್ಲ್ಯುಎಫ್‌ಪಿ, ಹೀಗೆ. ಈ ಹಂಚಿಕೆ ಮೊದಲೇ ಆಗಿತ್ತು. ಯಾರು ಯಾವುದಕ್ಕೆ ಎಂದು ಅವತ್ತು ಕಿತ್ತಾಡಬೇಕಾಗಲಿಲ್ಲ. ಏಪ್ರಿಲ್ 29ಕ್ಕೇ ಎಲ್ಲ ಸಂಸ್ಥೆಗಳ ಪರವಾಗಿ ಒಂದೇ ಮನವಿ ಹೊರಬಿತ್ತು: ಮೂರು ತಿಂಗಳಿಗೆ 41.5 ಕೋಟಿ ಡಾಲರ್ ಬೇಕು ಎಂದು.

ಆದರೆ ಜಿಲ್ಲೆಗೆ ಇಳಿದ ಹಾಗೆ ಈ ವ್ಯವಸ್ಥೆ ತೆಳ್ಳಗಾಗುತ್ತಾ ಹೋಯಿತು. ಜಿಲ್ಲೆಯಲ್ಲಿ ಮುಖ್ಯ ಜಿಲ್ಲಾಧಿಕಾರಿಯ ಕೈಯಲ್ಲಿ ಪರಿಹಾರ ಸಮಿತಿ ಇತ್ತು. ಹಳ್ಳಿಯಲ್ಲಿ? ನೇಪಾಳದಲ್ಲಿ ಸ್ಥಳೀಯ ಚುನಾವಣೆ ನಡೆದದ್ದು 1997ರಲ್ಲಿ. ಅದಾದ ಮೇಲೆ 2017ರವರೆಗೆ ಇಲ್ಲ. ಅಂದರೆ ಭೂಕಂಪ ಆದಾಗ ಹಳ್ಳಿಯಲ್ಲಿ ಚುನಾಯಿತರು ಯಾರೂ ಇರಲಿಲ್ಲ. ಗ್ರಾಮ ಸಮಿತಿಯ ಕಾರ್ಯದರ್ಶಿಯೊಬ್ಬರೇ ದಿಕ್ಕು. ಕೆಲವೊಮ್ಮೆ ಒಬ್ಬರಿಗೆ ಎರಡು ಮೂರು ಗ್ರಾಮ. ಯಾರ ಮನೆ ಬಿತ್ತು, ಯಾರ ಮನೆ ಬಿರುಕು ಬಿಟ್ಟಿತು, ಯಾರಿಗೆ ಟಾರ್ಪಾಲಿನ್ ಸಿಕ್ಕಿತು ಎಂಬ ಲೆಕ್ಕವೆಲ್ಲ ಆ ಒಬ್ಬ ವ್ಯಕ್ತಿಯ ತಲೆ ಮೇಲೆ. ಜಗತ್ತಿನ ಅನುಭವಿ ಸಂಸ್ಥೆಗಳೆಲ್ಲ ಬಂದು ಕೊನೆಗೆ ಕಾಯುತ್ತಿದ್ದದ್ದು ಈ ಕಾರ್ಯದರ್ಶಿಯ ಪಟ್ಟಿಗಾಗಿ. ಹಾಗಾಗಿ ರಸ್ತೆ ಬದಿಯ ಹಳ್ಳಿಗೆ ಎರಡೆರಡು ಸಲ ಸಾಮಾನು ಹೋಯಿತು. ಒಳಗಿನ ಹಳ್ಳಿ ಕಾಯುತ್ತಲೇ ಇತ್ತು. ದಲಿತ ಕೇರಿಗಳಿಗೆ ನೆರವು ತಲುಪುವುದು ತಡವಾಯಿತು, ಕೆಲವು ಕಡೆ ತಲುಪಲೇ ಇಲ್ಲ ಎಂಬ ದೂರುಗಳೂ ಬಂದವು.

ಇನ್ನೊಂದು ತೊಡಕು ಭಾಷೆ. ಕ್ಲಸ್ಟರ್ ಸಭೆಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿ ನಡೆದವು, ಅದೂ ರಾಜಧಾನಿಯಲ್ಲಿ. ಜಿಲ್ಲೆಯಲ್ಲಿ ಇಪ್ಪತ್ತು ವರ್ಷದಿಂದ ಕೆಲಸ ಮಾಡಿದ ನೇಪಾಳಿ ಸಂಸ್ಥೆಯ ಕಾರ್ಯಕರ್ತ ಸಭೆಗೆ ಬರಲಾಗದೆ, ಬಂದರೂ ಮಾತಾಡಲಾಗದೆ ಉಳಿದರೆ, ಒಟ್ಟಿಗೆ ಕೆಲಸ ಮಾಡುವವರು ಅಂದರೆ ಯಾರು? ಮೊದಲ ಗಂಟೆಗಳಲ್ಲಿ ಅವಶೇಷದಿಂದ ಜನರನ್ನು ಹೊರತೆಗೆದವರಲ್ಲಿ ಬಹುಪಾಲು ಅಕ್ಕಪಕ್ಕದ ಮನೆಯವರು, ನೇಪಾಳದ ಸೈನಿಕರು ಮತ್ತು ಪೊಲೀಸರು. ಹೊರದೇಶದ ರಕ್ಷಣಾ ತಂಡಗಳು ಶ್ರಮಪಟ್ಟವು, ನಿಜ. ಆದರೆ ಅವರು ಜೀವಂತ ಹೊರತೆಗೆದವರು ಕೆಲವೇ ಕೆಲವರು. ದೂರದಿಂದ ಬರುವ ಹೊತ್ತಿಗೆ ಸಮಯ ಮೀರಿರುತ್ತದೆ.

ಗುಡ್ಡದ ದಾರಿಗಳು ಭೂಕುಸಿತದಲ್ಲಿ ಕೊಚ್ಚಿಹೋಗಿದ್ದವು. ಲಾರಿ ಹೋಗದ ಕಡೆ ಹೆಲಿಕಾಪ್ಟರ್. ಅದರ ಖರ್ಚು ಜಾಸ್ತಿ, ಮೋಡ ಇದ್ದರೆ ಹಾರುವ ಹಾಗಿಲ್ಲ. ಆಗ ಡಬ್ಲ್ಯುಎಫ್‌ಪಿ ಚಾರಣ ಮತ್ತು ಪರ್ವತಾರೋಹಣ ಸಂಘಗಳ ಕಡೆ ತಿರುಗಿತು. ಪ್ರವಾಸಿಗಳಿಲ್ಲದೆ ಕೆಲಸ ಕಳೆದುಕೊಂಡಿದ್ದ ಸಾವಿರಾರು ಹಮಾಲರು, ಮಾರ್ಗದರ್ಶಕರು, ಹೇಸರಗತ್ತೆ ಸಾಕುವವರು ಸೇರಿಕೊಂಡರು. ಮೊದಲು ಕಾಲುದಾರಿ ಸರಿಪಡಿಸಿದರು, ಆಮೇಲೆ ಅದೇ ದಾರಿಯಲ್ಲಿ ಅಕ್ಕಿ, ಟಾರ್ಪಾಲಿನ್, ತಗಡು ಹೊತ್ತರು. ಎಲ್ಲಿ ಕಲ್ಲು ಸಡಿಲ ಇದೆ, ಯಾವ ತಿರುವಿನಲ್ಲಿ ಕತ್ತೆ ನಿಲ್ಲುತ್ತದೆ, ಎಲ್ಲಿ ನೀರು ಸಿಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಕೂಲಿಯೂ ಅದೇ ಬೆಟ್ಟದ ಮನೆಗಳಿಗೆ ಹೋಯಿತು. ಇಡೀ ಕಾರ್ಯಾಚರಣೆಯಲ್ಲಿ ಇಷ್ಟು ಸರಿಯಾಗಿ ಕೂಡಿಬಂದ ಕೆಲಸ ಮತ್ತೊಂದಿಲ್ಲ ಎನ್ನುತ್ತೇನೆ. ಕೊರತೆ ಒಂದೇ: ಈ ಏರ್ಪಾಡು ಮೊದಲೇ ಇರಲಿಲ್ಲ, ಭೂಕಂಪ ಆದ ಮೇಲೆ ಹುಟ್ಟಿತು. ಚಾರಣ ಸಂಘಗಳೂ ಹಮಾಲರೂ ಮೊದಲಿನಿಂದ ಅಲ್ಲೇ ಇದ್ದರು, ಕೇಳಿದವರಿರಲಿಲ್ಲ.

ಇದ್ದ ಪಟ್ಟಿ, ಇದ್ದ ನಕ್ಷೆ

ಹೊಸ ಪಟ್ಟಿ ಮಾಡುವುದು ಎಷ್ಟು ಕಷ್ಟ ಎಂದು ನೋಡಿದೆವು. ಯುನಿಸೆಫ್ ಬೇರೆ ದಾರಿ ಹಿಡಿಯಿತು. ವೃದ್ಧರು, ವಿಧವೆಯರು, ಅಂಗವಿಕಲರು, ದಲಿತ ಮಕ್ಕಳಿಗೆ ನೇಪಾಳ ಸರ್ಕಾರ ಮೊದಲಿನಿಂದ ಭತ್ಯೆ ಕೊಡುತ್ತಿತ್ತು. ಅವರ ಹೆಸರು ಕಡತದಲ್ಲಿತ್ತು. 19 ಜಿಲ್ಲೆಗಳಲ್ಲಿ ಅದೇ ಪಟ್ಟಿ ಹಿಡಿದು, ಅದೇ ಭತ್ಯೆಯ ಜೊತೆ ತಲಾ 3,000 ನೇಪಾಳಿ ರೂಪಾಯಿ ಸೇರಿಸಿ ಕೊಟ್ಟರು. ಸುಮಾರು ನಾಲ್ಕು ಲಕ್ಷ ಜನರಿಗೆ ಹಣ ತಲುಪಿತು. ಮನೆ ಕಳೆದುಕೊಂಡ ಎಲ್ಲರೂ ಈ ಪಟ್ಟಿಯಲ್ಲಿರಲಿಲ್ಲ, ಅದು ಇದರ ಮಿತಿ. ಆದರೂ ಯಾರು ಅರ್ಹರು ಎಂದು ಹಳ್ಳಿಯಲ್ಲಿ ಜಗಳ ಏಳದೆ, ತೀರ ಬಡವರ ಕೈಗೆ ನೇರ ದುಡ್ಡು ಹೋಯಿತು.

ನಕ್ಷೆಯ ವಿಷಯವೂ ಹೀಗೇ. ಕಠ್ಮಂಡು ಲಿವಿಂಗ್ ಲ್ಯಾಬ್ಸ್ ಎಂಬ ಸ್ಥಳೀಯ ಯುವಕರ ತಂಡ ಕಣಿವೆಯ ಶಾಲೆ, ಆಸ್ಪತ್ರೆ, ರಸ್ತೆಗಳನ್ನು ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ, ಯಾರು ಬೇಕಾದರೂ ಸೇರಿಸಿ ತಿದ್ದಬಹುದಾದ ಅಂತರ್ಜಾಲ ನಕ್ಷೆಯಲ್ಲಿ ಮೊದಲೇ ಗುರುತಿಸಿತ್ತು. ಭೂಕಂಪದ ನಂತರ ಜಗತ್ತಿನ ಸಾವಿರಾರು ಸ್ವಯಂಸೇವಕರು ಅದಕ್ಕೆ ಹಳ್ಳಿಗಳನ್ನು ಸೇರಿಸಿದರು. ಉಪಗ್ರಹ ಚಿತ್ರ ನೋಡಿ ಮನೆ ಗುರುತಿಸುವುದು ಹೊರಗಿನವರಿಗೂ ಆಗುತ್ತದೆ. ಆದರೆ ಊರಿನ ಹೆಸರು ಹೇಳಲು ಆ ನೆಲದವರೇ ಬೇಕು. ಇಲ್ಲಿ ಅವರು ಮೊದಲಿನಿಂದಲೂ ಮುಂದಿದ್ದರು.

ಆಮೇಲೆ ಬದಲಾದದ್ದು

ಭೂಕಂಪ ಆದಾಗ ಜಾರಿಯಲ್ಲಿದ್ದದ್ದು 1982ರ ಕಾನೂನು. ಅದರ ಗಮನ ಹೆಚ್ಚಾಗಿ ಅನಾಹುತ ಆದ ಮೇಲಿನ ಪರಿಹಾರದ ಮೇಲಿತ್ತು. 2017ರಲ್ಲಿ ಹೊಸ ಕಾಯ್ದೆ ಬಂತು. ಸಿದ್ಧತೆ ಮತ್ತು ಅಪಾಯ ತಗ್ಗಿಸುವುದು ಅದರಲ್ಲಿ ಸೇರಿತು. ಅದೇ ವರ್ಷ ಸ್ಥಳೀಯ ಚುನಾವಣೆ ನಡೆದು ಹಳ್ಳಿಗೆ ಚುನಾಯಿತ ಅಧ್ಯಕ್ಷರು, ವಾರ್ಡಿಗೆ ಸದಸ್ಯರು ಬಂದರು. ಸಿದ್ಧತೆಯ ದೃಷ್ಟಿಯಿಂದ ಇದು ಯಾವ ಗೋದಾಮಿಗಿಂತಲೂ ದೊಡ್ಡ ಬದಲಾವಣೆ. 2019ರಲ್ಲಿ ರಾಷ್ಟ್ರೀಯ ವಿಪತ್ತು ಪ್ರಾಧಿಕಾರ ಶುರುವಾಯಿತು. ಹೊರಗೆ, 2016ರ ಮೇ ತಿಂಗಳಲ್ಲಿ ಇಸ್ತಾಂಬುಲ್‌ನಲ್ಲಿ ನಡೆದ ವಿಶ್ವ ಮಾನವೀಯ ಶೃಂಗಸಭೆಯಲ್ಲಿ, 2020ರ ಹೊತ್ತಿಗೆ ನೆರವಿನ ಹಣದಲ್ಲಿ ಶೇ 25ರಷ್ಟನ್ನು ಆದಷ್ಟು ನೇರವಾಗಿ ಸ್ಥಳೀಯ ಸಂಸ್ಥೆಗಳಿಗೆ ಕೊಡುವ ಮಾತಾಯಿತು. ಜಗತ್ತು ಆ ಗುರಿಯ ಹತ್ತಿರವೂ ಹೋಗಲಿಲ್ಲ.

2023ರ ನವೆಂಬರ್ 3ರ ರಾತ್ರಿ ಪಶ್ಚಿಮ ನೇಪಾಳದ ಜಾಜರ್‌ಕೋಟ್‌ನಲ್ಲಿ ಮತ್ತೆ ಭೂಕಂಪವಾಯಿತು. 150ಕ್ಕೂ ಹೆಚ್ಚು ಜನ ಸತ್ತರು. ಈ ಸಲ ಹಳ್ಳಿಯಲ್ಲಿ ಚುನಾಯಿತ ಸರ್ಕಾರ ಇತ್ತು. ಆದರೂ ಚಳಿಗಾಲ ಬಂದಾಗ ಸಾವಿರಾರು ಕುಟುಂಬಗಳು ಟಾರ್ಪಾಲಿನ್ ಕೆಳಗೇ ಇದ್ದವು. ಬಿದ್ದದ್ದು ಮತ್ತೆ ಅದೇ ಮಣ್ಣು ಕಲ್ಲಿನ ಮನೆಗಳು. ಸಾಮಾನು ತಲುಪಿಸುವ ಕೆಲಸದಲ್ಲಿ ಸಂಸ್ಥೆಗಳು ಪಳಗಿವೆ. ಮನೆ ಗಟ್ಟಿ ಮಾಡುವ ಕೆಲಸ ಮಾತ್ರ ಪಶ್ಚಿಮದ ಗುಡ್ಡಗಳನ್ನು ಇನ್ನೂ ಸರಿಯಾಗಿ ಮುಟ್ಟಿಲ್ಲ. ಕಣಿವೆಯ ಶಾಲೆಗಳಿಗೆ ಸರಳು ಕಟ್ಟಿದ ಗಾರೆ ಕೆಲಸದವರು, ಅವರಿಗೆ ಕಲಿಸಿದ ಎಂಜಿನಿಯರ್‌ಗಳು, ಅದಕ್ಕೆ ಹಣ ಕೊಟ್ಟ ಬ್ಯಾಂಕುಗಳು ಎಲ್ಲರೂ ಇದ್ದಾರೆ. ಅವರು ಮೊದಲು ಹೋಗಬೇಕಾದದ್ದು ಅಲ್ಲಿಗೆ.